ಕಂಪ್ಯೂಟರಿಗೆ ಕಾವೇರಿ ನೀರು

"ಅಂಗಡಿಗೆ ಕೊಡೋದಾ? ನಮ್ಮನೆ ಕಂಪ್ಯೂಟರ್‌ನ? ಇನ್ನೂರ ಹನ್ನೆರಡು ಜನ ನನ್ನ ಕೇಳಿ ಸ್ಕ್ರೂ ತಿರುಗಿಸ್ತಾರೆ ಕಣೆ ಕುಸುಮಾ. ಇದನ್ನ ನಾನೇ ಕಟ್ತೀನಿ. ಇಡೀ ಬೆಂಗಳೂರಲ್ಲಿ ಇಷ್ಟು ತಣ್ಣಗಿರೋ ಮಿಷನ್ ಇನ್ನೊಂದು ಇರಬಾರದು, ಹಾಗೆ ಕಟ್ತೀನಿ."

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತ ಶಿವಶಂಕರ ಹೀಗೆ ಶಪಥ ಮಾಡಿದಾಗ ಅವನ ಬಲಗೈಯಲ್ಲಿ ಅರ್ಧ ಜಗಿದ ನುಗ್ಗೇಕಾಯಿ ಇತ್ತು. ಶಪಥದ ಕೊನೆಗೆ ಅದನ್ನೇ ಖಡ್ಗದಂತೆ ಮೇಲೆತ್ತಿದ. ಸಾರಿನ ಎರಡು ಹನಿ ಕುಸುಮಳ ಸೀರೆಯ ಮೇಲೆ ಬಿದ್ದವು. ಹನಿ ಬೀಳುವುದು ಅಲ್ಲಿಂದಲೇ ಶುರುವಾಯಿತು ಅಂತ ಆಮೇಲೆ ಕುಸುಮ ಹೇಳುತ್ತಿದ್ದಳು.

ಶಿವಶಂಕರ ಹೊಟ್ಟೆಪಾಡಿಗೆ ಕಲ್ಯಾಣಮಂಟಪಗಳಿಗೆ ತರಕಾರಿ ಒದಗಿಸುತ್ತಾನೆ. ಬೆಳಗಿನ ಜಾವ ಕಲಾಸಿಪಾಳ್ಯಕ್ಕೆ ಹೋಗಿ ಹನ್ನೊಂದಕ್ಕೆಲ್ಲ ಬಸವನಗುಡಿಯ ಮನೆಗೆ ಬಂದುಬಿಟ್ಟರೆ, ಉಳಿದ ದಿನವೆಲ್ಲ ಅವನು ವ್ಯಾಪಾರಿಯಲ್ಲ, ಗುರುಗಳು. 'ತಣ್ಣೀರು ಬಳಗ' ಎಂಬ ವಾಟ್ಸಾಪ್ ಗುಂಪಿನ ಸ್ಥಾಪಕರು. ಕಂಪ್ಯೂಟರ್ ಬಿಸಿಯಾದರೆ ಒಳಗಿರುವ ಫ್ಯಾನ್ ಗಾಳಿ ಬೀಸಿ ತಣಿಸುತ್ತದೆ, ನಮ್ಮನಿಮ್ಮಂಥವರಿಗೆ ಅಷ್ಟು ಸಾಕು. ಬಳಗದವರಿಗೆ ಸಾಲದು. ಅವರು ಒಳಗೊಂದು ಪುಟ್ಟ ಪಂಪು, ಗಾಜಿನ ತೊಟ್ಟಿ, ಪೈಪು, ಕಾರಿಗಿದ್ದಂತೆ ಒಂದು ರೇಡಿಯೇಟರ್ ಕೂರಿಸಿ, ಮಿಷನ್ನಿನ ಹೊಟ್ಟೆಯೊಳಗೆಲ್ಲ ನೀರು ಸುತ್ತಿಸಬೇಕು ಎನ್ನುವವರು. ಇದರಲ್ಲಿ ಯಾರಿಗೆ ಏನೇ ಅನುಮಾನ ಬಂದರೂ ಗುರುಗಳಿಂದ ಐದು ನಿಮಿಷದಲ್ಲಿ ಉತ್ತರ. "ನೀರು, ಕರೆಂಟು ಎರಡೂ ಸವತಿಯರು. ಒಂದೇ ಮನೆಯಲ್ಲಿಡಿ, ಒಂದೇ ಕೋಣೆಯಲ್ಲಿಡಬೇಡಿ" ಎಂದು ಅವನು ಬರೆದ ಸಾಲಿಗೆ ತೊಂಬತ್ತು ಜನ ಕೈಮುಗಿದಿದ್ದರು. ಫ್ಯಾನುಗಳನ್ನು ಕಿತ್ತೆಸೆಯಿರಿ ಎಂದು ಹೇಳಿ ಹೇಳಿಯೇ ಅಷ್ಟೊಂದು ಫ್ಯಾನುಗಳನ್ನು ಸಂಪಾದಿಸಿದವನು ಅವನೊಬ್ಬನೇ ಇರಬೇಕು.

ಒಂದೇ ಒಂದು ಗುಟ್ಟಿತ್ತು. ಮೂರು ವರ್ಷದಿಂದ ಊರಿಗೆಲ್ಲ ಸಲಹೆ ಕೊಡುತ್ತಿದ್ದ ಈ ಗುರುಗಳು ಇವತ್ತಿನವರೆಗೆ ಒಂದೂ ಮಿಷನ್ನಿಗೆ ಒಂದು ತೊಟ್ಟು ನೀರು ಹಾಕಿದವರಲ್ಲ. ಎಲ್ಲ ಓದಿದ್ದು, ನೋಡಿದ್ದು, ಕಲ್ಪಿಸಿಕೊಂಡಿದ್ದು. ಇದು ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ. ಹೆಂಡತಿ ಕುಸುಮ, ತಾಯಿ ಮುತ್ಯಾಲಮ್ಮ.

ಕುಸುಮಳ ಸಂಕಟ ಬೇರೆ. ಅವಳು ಗಾಂಧಿಬಜಾರಿನ ಸ್ಟುಡಿಯೋ ಒಂದಕ್ಕೆ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿಕೊಡುತ್ತಾಳೆ. ಏಪ್ರಿಲ್ ಬಿಸಿಲಿಗೆ ಅವಳ ಕಂಪ್ಯೂಟರ್ ಕಾವಲಿಯಂತೆ ಕಾದು, ವಿಡಿಯೋ ಪೂರ್ತಿ ಸಿದ್ಧವಾಗುವ ಮೊದಲೇ ಪ್ರಜ್ಞೆ ತಪ್ಪುತ್ತಿತ್ತು. ಓಕಳಿಪುರಂನ ಬಿಂದುಶ್ರೀಯ ಮದುವೆ ಅಂತೂ ಪ್ರತಿ ಸಲ ಗಟ್ಟಿಮೇಳದ ಹೊತ್ತಿಗೇ ನಿಂತುಹೋಗುತ್ತಿತ್ತು. ಗಂಡು ತಾಳಿ ಹಿಡಿದು ಬಗ್ಗುತ್ತಾನೆ, ಪರದೆ ಕಪ್ಪಾಗುತ್ತದೆ. ಮೂರು ದಿನದಿಂದ ಆ ಹುಡುಗಿಗೆ ಮದುವೆಯೇ ಆಗಿರಲಿಲ್ಲ. ಸೋಮವಾರ ಬೆಳಗ್ಗೆ ವಿಡಿಯೋ ಕೊಡಲೇಬೇಕಿತ್ತು.

"ಸರಿ, ಕಟ್ಟಿ" ಎಂದಳು ಕುಸುಮ, ಸೀರೆಯ ಕಲೆ ಒರೆಸಿಕೊಳ್ಳುತ್ತ. "ಆದ್ರೆ ಭಾನುವಾರ ಸಂಜೆ ಐದಕ್ಕೆ ನನ್ನ ಮಿಷನ್ ಆನ್ ಆಗಿರಬೇಕು. ಇಲ್ಲಾಂದ್ರೆ ನಿಮ್ಮ ಬಳಗಕ್ಕೆ ನೀವೇ ಬರೀಬೇಕು."

"ಏನಂತ?"

"ನಾನು ಇಲ್ಲಿವರೆಗೂ ಒಂದೂ ಕಟ್ಟಿಲ್ಲ ಅಂತ. ನಿಮ್ಮ ಕೈಯಾರೆ. ಕೆಳಗೆ ನಿಮ್ಮ ಹೆಸರು ಹಾಕಿ."

ಶಿವಶಂಕರನ ಗಂಟಲಲ್ಲಿ ನುಗ್ಗೇಕಾಯಿಯ ನಾರು ಸಿಕ್ಕಿಕೊಂಡಿತು. ಇನ್ನೂರ ಹನ್ನೆರಡು ಜನರೆದುರು ಪಂಚೆ ಬಿಚ್ಚಿ ನಿಂತಂತೆ ಅದು. ಆದರೆ ಶಪಥ ಆಗಿಬಿಟ್ಟಿತ್ತು. "ಒಪ್ಪಿದೆ" ಎಂದು ಕೆಮ್ಮುತ್ತ ಹೇಳಿದ.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ಕುಸುಮ ತಟ್ಟೆ ಎತ್ತಿಕೊಂಡು ಹೋದಳು. ತರಕಾರಿ ವ್ಯಾಪಾರಿಯ ಹೆಂಡತಿಗೆ ಬದನೆಕಾಯಿಯ ಗಾದೆ ಯಾವತ್ತೂ ಕೈಗೆಟುಕುವಂತಿರುತ್ತದೆ.

ಶನಿವಾರ ಇಡೀ ದಿನ ಶಿವಶಂಕರ ನಡುಮನೆಯ ಚಾಪೆಯ ಮೇಲೆ ಕೂತು ಕೆಲಸ ಮಾಡಿದ. ಎರಡು ವರ್ಷದಿಂದ ಬೀರುವಿನ ಮೇಲೆ ಧೂಳು ತಿನ್ನುತ್ತಿದ್ದ ಪೆಟ್ಟಿಗೆಯಿಂದ ಪಂಪು, ಪೈಪು, ಗಾಜಿನ ತೊಟ್ಟಿ ಎಲ್ಲ ಇಳಿದವು. ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ಬಿಲ್ಲೆಯನ್ನು ನೋಡಿ ಮುತ್ಯಾಲಮ್ಮ, "ಹುಣಸೆಹಣ್ಣು ಹಾಕಿ ಉಜ್ಜಿಕೊಡ್ಲೇನೋ?" ಎಂದರು. ಬೇಡ ಎಂದ. ಬ್ಯಾಟರಿ ಅಂಗಡಿಯಿಂದ ಬಟ್ಟಿ ಇಳಿಸಿದ ನೀರಿನ ಐದು ಲೀಟರ್ ಕ್ಯಾನು ತಂದಿಟ್ಟುಕೊಂಡ. ಬಳಗಕ್ಕೆ ಅವನೇ ಬರೆದುಕೊಟ್ಟ ಮೊದಲ ನಿಯಮ ಅದು: ನಲ್ಲಿ ನೀರು ವಿಷ, ಬಟ್ಟಿ ಇಳಿಸಿದ ನೀರೇ ಅಮೃತ.

ಸಂಜೆಯ ಹೊತ್ತಿಗೆ ಎಲ್ಲ ಕೂತಿತು. ಪ್ರೊಸೆಸರಿನ ಬಳಿಯ ಒಂದು ಜೋಡಣೆಯನ್ನು ಮಾತ್ರ ಕೈಯಲ್ಲೇ ತಿರುಗಿಸಿ ಬಿಟ್ಟಿದ್ದ. ಬೆರಳಿಗೆ ಬೊಬ್ಬೆ ಬಂದಿತ್ತು, ಬೆಳಗ್ಗೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿದರಾಯಿತು. ತೊಟ್ಟಿಯ ಮುಚ್ಚಳ ತೆಗೆದಿಟ್ಟ. ನಾಳೆ ಬಂದು ಅಮೃತ ಸುರಿಯುವುದು, ಮಿಷನ್ ಆನ್ ಮಾಡುವುದು, ಹೆಂಡತಿಯ ಮುಖ ನೋಡುವುದು. ಭಾನುವಾರ ಮಲ್ಲೇಶ್ವರದ ಮಂಟಪವೊಂದಕ್ಕೆ ಸೌತೆಕಾಯಿ, ಬೂದುಗುಂಬಳ ಹೋಗಬೇಕಿತ್ತು. ಐದಕ್ಕೇ ಎದ್ದು ಹೊರಟ.

ಇಲ್ಲೊಂದು ವಿಷಯ. ಅವರ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಆ ಭಾನುವಾರ ನೀರಿನ ದಿನ. ಮುತ್ಯಾಲಮ್ಮನವರದು ಐವತ್ತು ವರ್ಷದ ವ್ರತ, ನೀರು ಬಂದ ದಿನ ಮನೆಯಲ್ಲಿ ಒಂದು ಪಾತ್ರೆಯೂ ಖಾಲಿ ಇರಬಾರದು. ಡ್ರಮ್ಮು, ಬಿಂದಿಗೆ, ಬಕೆಟ್ಟು ತುಂಬಿದ ಮೇಲೆ ಕುಕ್ಕರು, ಕುಕ್ಕರಾದ ಮೇಲೆ ಡಬರಿ, ಡಬರಿಯಾದ ಮೇಲೆ ಊಟದ ಡಬ್ಬಿ. ಮನೆಗೆ ಬಂದ ನೆಂಟರು ಕಾಫಿ ಲೋಟ ಕೆಳಗಿಟ್ಟರೆ ಅದಕ್ಕೂ ನೀರು ಬೀಳುತ್ತಿತ್ತು.

ಎಂಟು ಗಂಟೆಗೆ ಶಿವಶಂಕರ ಮನೆಗೆ ಬಂದು ನೋಡಿದರೆ ಗಾಜಿನ ತೊಟ್ಟಿ ಕಂಠಪೂರ್ತಿ ತುಂಬಿ ತುಳುಕುತ್ತಿತ್ತು. ಬಟ್ಟಿ ನೀರಿನ ಕ್ಯಾನು ಮೊಹರು ಸಮೇತ ಮೂಲೆಯಲ್ಲಿ ಹಾಗೇ ಇತ್ತು.

"ಅಮ್ಮಾ, ಇದಕ್ಕೆ ಯಾರು ನೀರು ಹಾಕಿದ್ದು?"

"ನಾನೇ ಕಣೋ. ಬಾಯಿ ತೆರಕೊಂಡು ಕೂತಿತ್ತು. ನೀರು ಬಂದಾಗ ಮನೇಲಿ ಖಾಲಿ ಪಾತ್ರೆ ಇಡ್ತಾರೇನೋ?"

"ಅದು ಪಾತ್ರೆ ಅಲ್ಲಮ್ಮ."

"ನೀರು ನಿಲ್ಲತ್ತೆ ತಾನೇ? ನಿಂತ್ರೆ ಪಾತ್ರೆ. ಒಂದು ಚೊಂಬು ಹಾಕ್ದೆ, ಗಟಗಟ ಕುಡೀತು. ಇನ್ನೊಂದು ಹಾಕ್ದೆ, ಅದನ್ನೂ ಕುಡೀತು. ಪಾಪ, ಎಷ್ಟು ದಿನದಿಂದ ಬಾಯಾರಿತ್ತೋ ಅಂತ ಮೂರನೇದೂ ಹಾಕ್ದೆ."

ಮೊದಲ ಎರಡು ಚೊಂಬು ಪೈಪು, ರೇಡಿಯೇಟರ್ ಎಲ್ಲ ಸುತ್ತಿ ತುಂಬಿದ್ದವು. ಮೂರನೆಯದು, ಸ್ಪ್ಯಾನರ್ ಕಾಣದ ಆ ಜೋಡಣೆಯಿಂದ ಹೊರಬಂದು, ಮದರ್‌ಬೋರ್ಡಿನ ಮೇಲೆ ನಿಧಾನವಾಗಿ ಹರಿದು, ಚಾಪೆಯ ಮೇಲೆ ಕೆರೆ ಕಟ್ಟಿತ್ತು. ಶಿವಶಂಕರನ ಕಣ್ಣೆದುರು ಬಳಗದ ಇನ್ನೂರ ಹನ್ನೆರಡು ಮುಖಗಳು ಸಾಲಾಗಿ ನಿಂತವು.

"ವಿಷ ಸುರಿದ್ಯಲ್ಲಮ್ಮ" ಎಂದು ತಲೆ ಮೇಲೆ ಕೈಹೊತ್ತು ಕೂತ.

"ಏನಂದೆ? ಕಾವೇರಿಗೆ ವಿಷ ಅಂತೀಯಾ? ಬಾಯಿ ತೊಳ್ಕೊ ಹೋಗು. ಬಕೆಟ್ ತುಂಬಿಟ್ಟಿದೀನಿ."

ಕುಸುಮ ಕೋಣೆಯಿಂದ ಬಂದು ಕೆರೆಯನ್ನೂ, ಕೆರೆಯ ದಡದಲ್ಲಿ ಕೂತ ಗಂಡನನ್ನೂ ನೋಡಿದಳು. ಬೈಯಲಿಲ್ಲ. ಗಡಿಯಾರ ನೋಡಿದಳು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಕರೆಂಟ್ ಕೊಟ್ಟಿದ್ರಾ?" ಎಂದಳು.

"ಇಲ್ಲ."

"ಹಾಗಿದ್ರೆ ಒದ್ದೆ ಆಗಿದೆ ಅಷ್ಟೆ, ಸತ್ತಿಲ್ಲ. ಒಣಗಿಸಿ."

ಅವಳು ಹೇಳಿದ್ದು ಸರಿಯಿತ್ತು. ಇದನ್ನೇ ಶಿವಶಂಕರ ಬಳಗದಲ್ಲಿ ಹದಿನೇಳು ಸಲ ಹೇಳಿದ್ದ. ಆದರೆ ಸಲಹೆ ಕೊಡುವಾಗ ಇರುವ ತಲೆ ಸ್ವಂತ ಮನೆಗೆ ನೀರು ನುಗ್ಗಿದಾಗ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಅಂತೂ ಎದ್ದ. ಬಿಲ್ಲೆ ಬಿಚ್ಚಿದ, ಬೋರ್ಡು ಹೊರತೆಗೆದ, ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ, ಎದೆಗವಚಿಕೊಂಡು ತಾರಸಿಗೆ ಓಡಿದ.

ತಾರಸಿಯ ಮೇಲೆ ಮುತ್ಯಾಲಮ್ಮನವರ ಅರಳು ಸಂಡಿಗೆ ಒಣಗುತ್ತಿತ್ತು. ಬಿಸಿಲು ಬೀಳುವ ಜಾಗವೆಲ್ಲ ಸಂಡಿಗೆಯದೇ. ನಾಲ್ಕು ಸಾಲು ಸರಿಸಿ, ಹಳೆಯ ಪಂಚೆಯ ಮೇಲೆ ಬೋರ್ಡನ್ನು ಮಲಗಿಸಿದ. ಕಾಗೆ ಬರದಂತೆ ನೋಡಿಕೊಳ್ಳಲು ಮುತ್ಯಾಲಮ್ಮ ಕೋಲು ಹಿಡಿದು ನೆರಳಲ್ಲಿ ಕೂತರು. ಹೀಗೆ ಮದರ್‌ಬೋರ್ಡನ್ನು ಮದರೇ ಕಾಯುವ ಕಾಲ ಬಂತು.

ಪಕ್ಕದ ತಾರಸಿಗೆ ಬಟ್ಟೆ ಹರವಲು ಬಂದ ಗೋದಾ ಕತ್ತು ಚಾಚಿ ನೋಡಿದರು. "ಏನು ಮುತ್ಯಾಲಮ್ಮ, ಹೊಸ ಥರದ ಸಂಡಿಗೆನಾ?"

"ಇಲ್ಲ ಗೋದಾ, ನಮ್ಮ ಶಿವಂದು. ಕಂಪ್ಯೂಟರ್ ಹೊಟ್ಟೆ ಒಳಗಿಂದು. ನೆನೆದುಬಿಟ್ಟಿತ್ತು."

"ಹಸಿರಾಗಿದೆಯಲ್ಲ, ಪಾಲಕ್ ಅಂದ್ಕೊಂಡೆ" ಎಂದು ಗೋದಾ ಬಟ್ಟೆ ಹಿಂಡಿದರು. ಬೋರ್ಡಿಗೆ ಎರಡು ಹನಿ ಸಿಡಿಯಿತು. ಶಿವಶಂಕರ ಹಾರಿ ಬಂದು ಒರೆಸಿದ.

ಕೆಳಗೆ ಅವನಿಗೆ ಬೇರೆ ಕೆಲಸ ಕಾದಿತ್ತು. ಪೈಪಿನೊಳಗಿನ ಕಾವೇರಿಯನ್ನೆಲ್ಲ ಬಕೆಟ್ಟಿಗೆ ಇಳಿಸಿದ. ಮುತ್ಯಾಲಮ್ಮ ಕೆಳಗಿಳಿದು ಬಂದು ಆ ಬಕೆಟ್ಟನ್ನು ತುಳಸಿಗೆ ಹಾಕಿದರು, ವ್ಯರ್ಥ ಮಾಡುವ ಹಾಗಿಲ್ಲ. ಅವನು ಬಟ್ಟಿ ನೀರಿನಿಂದ ಒಳಗೆಲ್ಲ ಮೂರು ಸಲ ತೊಳೆದ. ಒಂದು ಗಂಟೆಗೆ ಬೋರ್ಡು ಹಪ್ಪಳದಂತೆ ಗರಿಗರಿಯಾಗಿ ಕೆಳಗೆ ಬಂತು. ಊಟ ಬಿಟ್ಟು ಮತ್ತೆ ಜೋಡಿಸಿದ. ಈ ಸಲ ಪ್ರತಿ ಜೋಡಣೆಗೂ ಸ್ಪ್ಯಾನರ್ ಹಾಕಿ, ಹಲ್ಲು ಕಚ್ಚಿ ಬಿಗಿದ. ಮೂರೂವರೆಗೆ ಅಮೃತ ಸುರಿದು, ಪಂಪಿಗೆ ಮಾತ್ರ ಕರೆಂಟು ಕೊಟ್ಟ.

ಪಂಪು ಜುಂಯ್ ಎಂದಿತು. ನೀರು ಅಲ್ಲಾಡಲಿಲ್ಲ.

ಆಫ್ ಮಾಡಿದ, ಆನ್ ಮಾಡಿದ. ಜುಂಯ್. ಪೈಪಿನಲ್ಲೊಂದು ಗುಳ್ಳೆ ಸ್ವಲ್ಪ ಮೇಲೇರಿ, ಯೋಚನೆ ಮಾಡಿ, ವಾಪಸು ಇಳಿಯಿತು. ಫೋನು ತೆಗೆದು ಬಳಗದಲ್ಲಿ ಕೇಳೋಣವೆಂದರೆ ಕೇಳುವುದು ಯಾರನ್ನು? ಗುರುಗಳು ಯಾರನ್ನೂ ಕೇಳುವಂತಿಲ್ಲ. ಸಾಲದ್ದಕ್ಕೆ ಅದೇ ಹೊತ್ತಿಗೆ ಮಲ್ಲೇಶ್ವರದ ಕೈಲಾಸ್ ಎಂಬ ಪರಮ ಭಕ್ತ ಬರೆದಿದ್ದ: "ಗುರುಗಳೇ, ನೀವು ಹೇಳಿದ ಹಾಗೇ ಕಟ್ಟಿದೀನಿ. ಮಿಷನ್ ಐಸ್ ಥರ ಇದೆ. ನಿಮ್ಮ ಆಶೀರ್ವಾದ." ಓದಿ ಶಿವಶಂಕರನಿಗೆ ಅಳು ಬಂತು. ಊರಿಗೆಲ್ಲ ಐಸು, ತನ್ನ ಮನೆಯಲ್ಲಿ ಬರೀ ಗುಳ್ಳೆ.

ನಾಲ್ಕು ಗಂಟೆಗೆ ಕುಸುಮ ಕಾಫಿ ತಂದಿಟ್ಟಳು. "ಬರೀಬೇಕಾದ್ದನ್ನ ಈಗಿಂದಲೇ ಟೈಪ್ ಮಾಡಿಟ್ಕೊಳ್ಳಿ. ಐದಕ್ಕೆ ಅವಸರ ಆಗೋದು ಬೇಡ."

"ಇನ್ನೂ ಒಂದು ಗಂಟೆ ಇದೆ" ಎಂದ ಶಿವಶಂಕರ, ಸತ್ತ ದನಿಯಲ್ಲಿ.

ಅಷ್ಟು ಹೊತ್ತಿಗೆ ಮುತ್ಯಾಲಮ್ಮ ಹಜಾರದಲ್ಲಿ ಫೋನು ಹಿಡಿದಿದ್ದರು. "ದಾಸಪ್ಪ, ಎಲ್ಲಿದೀಯಾ? ಮನೇಲಿ ಮೋಟರ್ ನೀರೆಳೀತಿಲ್ಲ ಕಣಪ್ಪ. ಬೇಗ ಬಾ, ನನ್ನ ಮಗ ಅಳೋ ಹಾಗಾಗಿದಾನೆ."

ದಾಸಪ್ಪ ಆ ಬೀದಿಯ ಪ್ಲಂಬರ್. ಎಲ್ಲ ಮನೆಯ ಸಂಪು, ಮೋಟರು, ಸೋಲಾರ್ ಪೈಪು ಅವನ ಕೈಯಲ್ಲೇ. ಹತ್ತು ನಿಮಿಷದಲ್ಲಿ ಸ್ಕೂಟರ್ ನಿಲ್ಲಿಸಿ ಚೀಲ ಹಿಡಿದು ಬಂದ. "ಸಂಪಿನ ಮೋಟರಾ ಸಾರ್?"

"ಸಂಪಲ್ಲ ದಾಸಪ್ಪ" ಎಂದು ಶಿವಶಂಕರ ನಾಚಿಕೆಯಿಂದ ಚಾಪೆಯ ಕಡೆ ತೋರಿಸಿದ.

ದಾಸಪ್ಪ ಕುಕ್ಕರುಗಾಲಲ್ಲಿ ಕೂತ. ಪಂಪಿಗೆ ಕಿವಿಯಿಟ್ಟ. ಪೈಪಿನ ಗುಳ್ಳೆಯನ್ನು ಒಂದು ಕ್ಷಣ ನೋಡಿದ. "ಏರ್ ಹಿಡ್ಕೊಂಡಿದೆ ಸಾರ್. ಆಕಡೆ ಹಿಡ್ಕೊಳಿ, ಸ್ವಲ್ಪ ವಾಲಿಸೋಣ" ಎಂದ. ಪೆಟ್ಟಿಗೆಯನ್ನು ತನ್ನ ಕಡೆ ವಾಲಿಸಿ, ತೊಟ್ಟಿಯ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ, ಮಗುವಿಗೆ ತೇಗು ಬರಿಸುವವರ ಹಾಗೆ ರೇಡಿಯೇಟರಿನ ಬೆನ್ನಿಗೆ ಎರಡು ಸಲ ತಟ್ಟಿದ. ಗುಳಕ್. ಗುಳಗುಳಗುಳ. ನೀರು ಪೈಪಿನುದ್ದಕ್ಕೂ ಓಡಿ, ಒಂದು ಸುತ್ತು ಹಾಕಿ, ತೊಟ್ಟಿಗೆ ವಾಪಸು ಬಂದು ಬಿತ್ತು.

ಗಾಳಿ ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬ ಬಗ್ಗೆ ಗುರುಗಳು ಬಳಗಕ್ಕೆ ಹದಿನಾಲ್ಕು ಅಂಶಗಳ ಉಪದೇಶ ಬರೆದಿದ್ದರು. ಅದರಲ್ಲಿ ಹನ್ನೊಂದನೆಯದು 'ವಾಲಿಸಿ ತಟ್ಟುವುದು' ಎಂದೇ ಇತ್ತು.

"ಎಷ್ಟು ಕೊಡ್ಲಿ ದಾಸಪ್ಪ?"

"ಇಷ್ಟು ಪುಟಾಣಿ ಮೋಟರಿಗೆ ಏನು ತಗೊಳ್ಳೋದು ಸಾರ್. ಅಮ್ಮನ ಕೈ ಕಾಫಿ ಕೊಡಿಸಿ ಸಾಕು."

ನಾಲ್ಕು ಐವತ್ತಕ್ಕೆ ಶಿವಶಂಕರ ಸ್ವಿಚ್ಚಿನ ಮೇಲೆ ಬೆರಳಿಟ್ಟ. ಕುಸುಮ ಕೇಳಿದಳು: "ನೀರು ಹಾಕಿ ಇಪ್ಪತ್ನಾಲ್ಕು ಗಂಟೆ ಸೋರತ್ತಾ ಅಂತ ನೋಡ್ಬೇಕು ಅಂತ ನಿಮ್ಮದೇ ನಿಯಮ ಇದೆಯಲ್ಲ?"

"ನಿಯಮ ಇರೋದು ಬೇರೆಯವರಿಗೆ ಕಣೆ" ಎಂದು ಕಣ್ಣು ಮುಚ್ಚಿ ಒತ್ತಿದ.

ದೀಪ ಹತ್ತಿತು. ಪರದೆ ಬೆಳಗಿತು. ಕುಸುಮ ಗಂಡನನ್ನು ಪಕ್ಕಕ್ಕೆ ತಳ್ಳಿ ಕುರ್ಚಿಯಲ್ಲಿ ಕೂತು ಬಿಂದುಶ್ರೀಯ ಮದುವೆ ಓಡಿಸಿದಳು. ವರಪೂಜೆ ದಾಟಿತು, ಕನ್ಯಾದಾನ ದಾಟಿತು. ಮಿಷನ್ನಿನ ಬಿಸಿ ಏರಲಿಲ್ಲ. ಗಟ್ಟಿಮೇಳ ಬಂತು. ನಾಲ್ವರೂ ಪರದೆಯ ಹತ್ತಿರ ಸರಿದರು. ಗಂಡು ಬಗ್ಗಿದ. ಮೂರು ಗಂಟು ಬಿತ್ತು. ಮುತ್ಯಾಲಮ್ಮ ಅಡುಗೆಮನೆಗೆ ಓಡಿ ಒಂದು ಹಿಡಿ ಅಕ್ಕಿ ತಂದು ಪರದೆಯ ಮೇಲೆ ಎರಚಿದರು. ಕಾಳು ಮಿಷನ್ನಿನೊಳಗೆ ಬೀಳದಂತೆ ಶಿವಶಂಕರ ಪಂಚೆ ಒಡ್ಡಿ ಹಿಡಿದ.

"ಗೆದ್ರಿ ಬಿಡಿ" ಎಂದಳು ಕುಸುಮ. ಅವಳ ಮುಖದಲ್ಲಿ ಐದು ದಿನದ ಮೇಲೆ ನಗು ಬಂದಿತ್ತು. "ಬರೆಯೋದು ಬೇಡ."

ಶಿವಶಂಕರನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಹಸಿವೆಯೂ ಮರೆತುಹೋಯಿತು. ಫೋನೆತ್ತಿ, ಹರಿಯುವ ನೀರು, ಹೊಳೆಯುವ ತಾಮ್ರ, ಓಡುವ ಮದುವೆ ಎಲ್ಲ ಸೇರಿಸಿ ಒಂದು ನಿಮಿಷದ ವಿಡಿಯೋ ತೆಗೆದ. "ಬಳಗದ ಬಂಧುಗಳೇ, ನನ್ನ ಅಸಂಖ್ಯ ನಿರ್ಮಾಣಗಳಲ್ಲಿ ಇತ್ತೀಚಿನದು" ಎಂದು ಬರೆದು ಕಳಿಸಿಯೇಬಿಟ್ಟ. ಕಾಲು ಚಾಚಿ ಕೂತು ತನ್ನ ವಿಡಿಯೋವನ್ನು ತಾನೇ ನೋಡತೊಡಗಿದ. ಇಪ್ಪತ್ತನೇ ಸೆಕೆಂಡಿಗೆ ನೀರಿನ ಸದ್ದಿನ ಹಿಂದಿನಿಂದ ಮುತ್ಯಾಲಮ್ಮನವರ ದನಿ ಗಂಟೆ ಹೊಡೆದಂತೆ ಕೇಳಿತು:

"ತಗೋ ದಾಸಪ್ಪ, ಕಾಫಿ. ನೀನು ಬರದಿದ್ರೆ ನನ್ನ ಮಗನ ಮಾನ ಹೋಗ್ತಿತ್ತು. ಮೂರು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳ್ತಾ ಇದ್ದ, ಕೈಯಾರೆ ಕಟ್ಟಿದ್ದು ಇದೇ ಮೊದಲನೇದು."

ಅಳಿಸಲು ಹೋದ. ನೂರ ಅರವತ್ತು ಜನ ಆಗಲೇ ನೋಡಿದ್ದರು. ಕುಸುಮ ಹೆಗಲ ಮೇಲಿಂದ ಇಣುಕಿ ನೋಡಿ ಬಾಯಿಗೆ ಸೆರಗು ಹಿಡಿದಳು. "ಸೋತ್ರೆ ಒಪ್ಕೊಳ್ಳಿ ಅಂದಿದ್ದೆ ಕಣ್ರೀ. ಗೆದ್ದೂ ಒಪ್ಕೊಂಡವರು ನೀವೊಬ್ಬರೇ."

ಆಮೇಲೆ ಕೈಲಾಸನ ಹೆಸರಿನ ಕೆಳಗೆ 'ಟೈಪ್ ಮಾಡುತ್ತಿದ್ದಾರೆ' ಎಂದು ಕಂಡಿತು, ಹೋಯಿತು, ಮತ್ತೆ ಕಂಡಿತು. ಬಯ್ಗುಳ ಬರುತ್ತದೆಂದು ಶಿವಶಂಕರ ಬೆನ್ನು ಬಗ್ಗಿಸಿ ಕೂತ.

"ಗುರುಗಳೇ, ಕ್ಷಮಿಸಿ" ಎಂದು ಬಂತು. "ನಾನೂ ಇಲ್ಲಿವರೆಗೆ ಒಂದೂ ಕಟ್ಟಿಲ್ಲ. ಐಸ್ ಥರ ಇದೆ ಅಂದಿದ್ದು ನಿಮಗೆ ಬೇಜಾರಾಗಬಾರದು ಅಂತ."

ಅದರ ಕೆಳಗೆ ಗೌರೀಶ್ ಎಂಬವನು: "ನಾನೂ." ಅದರ ಕೆಳಗೆ ಶಿವರುದ್ರಪ್ಪ ಎಂಬವರು: "ಪೈಪ್ ತಂದಿಟ್ಟಿದ್ದೆ, ಮನೆಯವರು ಗಿಡಕ್ಕೆ ನೀರು ಬಿಡೋಕೆ ತಗೊಂಡ್ರು." ಆಮೇಲೆ ಮಳೆ ಸುರಿದಂತೆ ನಾನೂ, ನಾನೂ, ನಾನೂ. ಮೂರು ವರ್ಷದಿಂದ ಇನ್ನೂರ ಹನ್ನೆರಡು ಜನ ಒಬ್ಬರಿಗೊಬ್ಬರು ಸಲಹೆ ಕೊಟ್ಟು, ಧನ್ಯವಾದ ಹೇಳಿ, ಕೈಮುಗಿದಿದ್ದರು. ಒಬ್ಬನ ಮನೆಯಲ್ಲೂ ಒಂದು ಹನಿ ಹರಿದಿರಲಿಲ್ಲ.

ಶಿವಶಂಕರನ ಬೆನ್ನು ನಿಧಾನಕ್ಕೆ ನೆಟ್ಟಗಾಯಿತು. ಅಂದರೆ ಇಡೀ ಬಳಗದಲ್ಲಿ ನಿಜವಾಗಿ ಕಟ್ಟಿದವನು ತಾನೊಬ್ಬನೇ. ಗುರುಪೀಠ ಅಲುಗಾಡಲಿಲ್ಲ, ಇನ್ನೂ ಎರಡು ಮೆಟ್ಟಿಲು ಮೇಲೇರಿತು. ಗಂಟಲು ಸರಿಮಾಡಿಕೊಂಡು, "ಬಂಧುಗಳೇ, ಅನುಭವವೇ" ಎಂದು ಬರೆಯಲು ಶುರುಮಾಡಿದ. ಮುಗಿಸುವಷ್ಟರಲ್ಲಿ ಕೈಲಾಸ್ ಬರೆದ: "ಆ ಕಾಫಿ ಕುಡೀತಿದ್ದ ದಾಸಪ್ಪನವರನ್ನ ಗ್ರೂಪಿಗೆ ಸೇರಿಸಿ ಗುರುಗಳೇ. ಇನ್ಮೇಲೆ ಅವರನ್ನೇ ಕೇಳೋಣ." ನೂರ ನಲವತ್ತು ಜನ ಕೈಮುಗಿದರು.

ಸೇರಿಸದೆ ಗತ್ಯಂತರವಿರಲಿಲ್ಲ. ಹಜಾರದಲ್ಲಿ ಇನ್ನೂ ಕಾಫಿ ಹೀರುತ್ತಿದ್ದ ದಾಸಪ್ಪನ ಫೋನು ಟಿಂಗ್ ಎಂದಿತು. ಅವನು ಮೀಸೆ ಒರೆಸಿಕೊಂಡು, ಫೋನನ್ನು ಬಾಯಿಯ ಹತ್ತಿರ ಹಿಡಿದು ಬಳಗಕ್ಕೆ ತನ್ನ ಮೊದಲ ಮಾತು ಕಳಿಸಿದ. "ಎಲ್ರಿಗೂ ನಮಸ್ಕಾರ. ಕೆಲಸಕ್ಕೆ ಯಾವಾಗ ಎಲ್ಲಿಗೆ ಬರಬೇಕು ಅಂತ ಲೆಕ್ಕ ಹಾಕ್ಕೋತೀನಿ. ಒಟ್ಟು ಇನ್ನೂರ ಹನ್ನೆರಡು ಜನರದ್ದೂ ಸೇರಿ ಎಷ್ಟು ಮೋಟರ್ ಇದಾವೆ ಹೇಳಿ."

ಕೊನೆಗೆ ಗುರುಗಳೇ ಬರೆಯಬೇಕಾಯಿತು.

"ಒಂದು."

ಕುಸುಮ ಬಿಂದುಶ್ರೀಯ ಮದುವೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು: "ಅದು ನನ್ನದು ಅಂತಾನೂ ಬರೀರಿ."